ಗಡಿ ದಾಟುವ ಹೊಗೆ ಮತ್ತು ಮನುಷ್ಯನ ಆರೋಗ್ಯ

ನಮ್ಮ ಕರಾವಳಿಯಲ್ಲಿ ಜೋರು ಮಳೆ ಬಂದಾಗ ಶಾಲೆಗಳಿಗೆ ರಜೆ ಕೊಡುವುದುಂಟು. ಸಿಂಗಾಪುರದಲ್ಲಿ 2015ರ ಸೆಪ್ಟೆಂಬರ್ 25ರಂದು ಶಾಲೆಗಳಿಗೆ ರಜೆ ಕೊಟ್ಟದ್ದು ಹೊಗೆಯ ಕಾರಣಕ್ಕೆ. ಆ ಹೊಗೆ ಸಿಂಗಾಪುರದ ಕಾರ್ಖಾನೆಗಳದ್ದೂ ಅಲ್ಲ, ಅಲ್ಲಿನ ವಾಹನಗಳದ್ದೂ ಅಲ್ಲ. ಸಮುದ್ರದಾಚೆ ಇಂಡೋನೇಷ್ಯಾದಲ್ಲಿ ಉರಿಯುತ್ತಿದ್ದ ನೆಲದಿಂದ ಎದ್ದು, ಗಾಳಿಯ ಜೊತೆ ಬಂದದ್ದು. ನಮ್ಮ ಊರುಗಳಿಂದ ಸಿಂಗಾಪುರ, ಮಲೇಷ್ಯಾಗಳಿಗೆ ದುಡಿಯಲು ಹೋದವರಿದ್ದಾರೆ. ಹೊಗೆ ಆವರಿಸಿದ ವರ್ಷಗಳಲ್ಲಿ ಅವರಲ್ಲಿ ಕೆಲವರು ಮನೆಗೆ ಮಾಡಿದ ಫೋನಿನಲ್ಲಿ 'ಹೇಸ್' ಎಂಬ ಮಾತು ಬಂದಿರಬಹುದು. ಈ ಹೇಸ್ ಎಂದರೇನು, ಅದು ದೇಹಕ್ಕೆ ಮಾಡುವ ಹಾನಿ ಏನು, ಅದಕ್ಕೆ ಹೊಣೆ ಯಾರು, ಮತ್ತು ನಮಗೂ ಅದಕ್ಕೂ ಸಂಬಂಧವಿದೆಯೇ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗಡಿ ದಾಟುವ ಮಾಲಿನ್ಯ ಎಂದರೇನು?

ಒಂದು ದೇಶದಲ್ಲಿ ಹುಟ್ಟಿದ ಹೊಗೆ, ಧೂಳು ಅಥವಾ ಅನಿಲ ಗಾಳಿಯಲ್ಲಿ ತೇಲಿ ಇನ್ನೊಂದು ದೇಶದ ಜನರ ಉಸಿರಿಗೆ ಸೇರುವುದೇ ಗಡಿ ದಾಟುವ ವಾಯುಮಾಲಿನ್ಯ. ಇದು ಹೊಸ ಸಮಸ್ಯೆಯಲ್ಲ. ಕೆನಡಾದ ಟ್ರೇಲ್ ಎಂಬ ಊರಿನಲ್ಲಿದ್ದ ಲೋಹ ಕರಗಿಸುವ ಕಾರ್ಖಾನೆಯ ಹೊಗೆ ಗಡಿಯಾಚೆ ಅಮೆರಿಕದ ರೈತರ ಬೆಳೆಗಳನ್ನು ಹಾಳುಮಾಡುತ್ತಿತ್ತು. ಆ ವ್ಯಾಜ್ಯವನ್ನು ವಿಚಾರಿಸಿದ ಪಂಚಾಯಿತಿ ನ್ಯಾಯಮಂಡಳಿ 1938 ಮತ್ತು 1941ರಲ್ಲಿ ತೀರ್ಪು ಕೊಟ್ಟಿತು. ತನ್ನ ನೆಲವನ್ನು ಬಳಸಿ ನೆರೆಯ ದೇಶಕ್ಕೆ ಹೊಗೆಯಿಂದ ಗಂಭೀರ ಹಾನಿ ಮಾಡುವ ಹಕ್ಕು ಯಾವ ದೇಶಕ್ಕೂ ಇಲ್ಲ ಎಂಬುದು ಅದರ ತಾತ್ಪರ್ಯ.

ಯುರೋಪಿನಲ್ಲಿ ಸ್ವೀಡನ್, ನಾರ್ವೆಗಳ ಕೆರೆಗಳು ಆಮ್ಲಮಳೆಯಿಂದ ಕೆಟ್ಟು ಮೀನುಗಳು ಸಾಯತೊಡಗಿದವು. ಅದರ ಮೂಲ ದೂರದ ದೇಶಗಳ ಕಲ್ಲಿದ್ದಲಿನ ಹೊಗೆಯಲ್ಲಿದೆ ಎಂದು ವಿಜ್ಞಾನಿಗಳು 1960ರ ದಶಕದಲ್ಲಿ ತೋರಿಸಿಕೊಟ್ಟರು. ಇದರ ಫಲವಾಗಿ 1979ರಲ್ಲಿ ಜಿನೀವಾದಲ್ಲಿ ದೂರ ಸಾಗುವ ವಾಯುಮಾಲಿನ್ಯದ ಕುರಿತು ಒಪ್ಪಂದವಾಯಿತು. ನಂತರದ ದಶಕಗಳಲ್ಲಿ ಯುರೋಪಿನ ಗಂಧಕದ ಹೊಗೆ ಬಹುಮಟ್ಟಿಗೆ ಇಳಿಯಿತು. ಅಂದರೆ ದೇಶಗಳು ಒಟ್ಟಾಗಿ ಮನಸ್ಸು ಮಾಡಿದರೆ ಇದಕ್ಕೆ ಪರಿಹಾರ ಇದೆ.

ಏಷ್ಯಾದಲ್ಲಿ ಈ ಸಮಸ್ಯೆಯನ್ನು ಅರಿಯಲು ಇಂಡೋನೇಷ್ಯಾದ ಹೊಗೆಗಿಂತ ಸ್ಪಷ್ಟವಾದ ಉದಾಹರಣೆ ಬೇರೆ ಬೇಡ.

ಬೆಂಕಿ ಎಲ್ಲಿ ಹತ್ತುತ್ತದೆ, ಏಕೆ?

ಇಂಡೋನೇಷ್ಯಾದ ಸುಮಾತ್ರಾ ಮತ್ತು ಕಾಲಿಮಂತಾನ್ (ಬೋರ್ನಿಯೋ ದ್ವೀಪದ ಇಂಡೋನೇಷ್ಯಾ ಭಾಗ) ಪ್ರದೇಶಗಳಲ್ಲಿ ವಿಶಾಲವಾದ ಜೌಗು ಕಾಡುಗಳಿವೆ. ಸದಾ ನೀರು ನಿಂತಿರುವುದರಿಂದ ಅಲ್ಲಿ ಬಿದ್ದ ಎಲೆ, ಕೊಂಬೆ, ಮರಗಳು ಪೂರ್ತಿ ಕೊಳೆಯುವುದಿಲ್ಲ. ಸಾವಿರಾರು ವರ್ಷಗಳಿಂದ ಒಂದರ ಮೇಲೊಂದು ಕೂಡುತ್ತಾ ಕಪ್ಪು ಮಣ್ಣಿನಂಥ ಪದರವಾಗಿವೆ. ಇದನ್ನು ಪೀಟ್ ಎನ್ನುತ್ತಾರೆ. ಕೆಲವು ಕಡೆ ಈ ಪದರ ಹತ್ತು ಮೀಟರಿಗೂ ಆಳವಾಗಿದೆ.

ನೀರಿರುವ ತನಕ ಪೀಟ್ ನೆಲಕ್ಕೆ ಬೆಂಕಿ ಹತ್ತುವುದು ಕಷ್ಟ. ಆದರೆ ಎಣ್ಣೆತಾಳೆ ತೋಟಕ್ಕಾಗಿ, ಕಾಗದದ ತಿರುಳಿಗೆ ಬೇಕಾದ ಅಕೇಶಿಯಾ ನೆಡುತೋಪಿಗಾಗಿ ಅಲ್ಲಿ ಕಾಲುವೆಗಳನ್ನು ತೋಡಿ ನೀರನ್ನು ಹೊರಗೆ ಹರಿಸಲಾಯಿತು. 1996ರಲ್ಲಿ ಅಧ್ಯಕ್ಷ ಸುಹಾರ್ತೊ ಅವರ ಸರಕಾರ ಮಧ್ಯ ಕಾಲಿಮಂತಾನಿನ ಸುಮಾರು 10 ಲಕ್ಷ ಹೆಕ್ಟೇರ್ ಪೀಟ್ ಪ್ರದೇಶವನ್ನು ಭತ್ತದ ಗದ್ದೆ ಮಾಡಲು ಹೊರಟು ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿತು. ಭತ್ತ ಬೆಳೆಯಲಿಲ್ಲ. ನೆಲ ಮಾತ್ರ ಒಣಗಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನೇ ಕೈಬಿಡಲಾಯಿತು.

ಒಣಗಿದ ಪೀಟ್ ನೆಲ ಉರಿಯುವ ಬಗೆ ನಮಗೆ ಪರಿಚಿತವೇ. ಅಕ್ಕಿ ಗಿರಣಿಯ ಹಿಂದೆ ಉಮಿಯ ರಾಶಿಗೆ ಕಿಡಿ ಬಿದ್ದರೆ ಜ್ವಾಲೆ ಏಳುವುದಿಲ್ಲ. ಒಳಗೊಳಗೇ ಕೆಂಡವಾಗಿ ದಿನಗಟ್ಟಲೆ ಹೊಗೆ ಬರುತ್ತಲೇ ಇರುತ್ತದೆ. ಮೇಲೆ ನೀರು ಹಾಕಿದರೂ ಅಡಿಯ ಬೆಂಕಿ ಆರುವುದಿಲ್ಲ. ಪೀಟ್ ಬೆಂಕಿಯೂ ಹೀಗೆಯೇ, ನೆಲದಡಿಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಹರಡುತ್ತದೆ. ಕಡಿಮೆ ಶಾಖದಲ್ಲಿ ಮಂದವಾಗಿ ಉರಿಯುವುದರಿಂದ ಸಾಮಾನ್ಯ ಕಾಡ್ಗಿಚ್ಚಿಗಿಂತ ಹೆಚ್ಚು ಹೊಗೆ, ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಇದನ್ನು ಆರಿಸುವುದು ಕೊನೆಗೆ ಮಳೆಯೇ.

ಬೆಂಕಿ ಹಚ್ಚುವವರು ಯಾರು? ಕಾಡು ಸವರಿದ ಮೇಲೆ ನೆಲವನ್ನು ಹಸನು ಮಾಡಲು ಯಂತ್ರಕ್ಕಿಂತ ಬೆಂಕಿ ಅಗ್ಗ. ದೊಡ್ಡ ಕಂಪೆನಿಗಳ ಗುತ್ತಿಗೆ ಭೂಮಿಯಲ್ಲೂ ಬೆಂಕಿ ಕಂಡಿದೆ, ಸಣ್ಣ ರೈತರ ಹಿಡುವಳಿಯಲ್ಲೂ ಕಂಡಿದೆ, ಭೂಮಿಗಾಗಿ ಜಗಳವಿರುವ ಕಡೆಯೂ ಕಂಡಿದೆ. ಒಬ್ಬರ ಮೇಲೆ ಮಾತ್ರ ತಪ್ಪು ಹೊರಿಸಿ ಮುಗಿಸುವಂತಿಲ್ಲ. ಎಲ್ ನಿನೊ ವರ್ಷಗಳಲ್ಲಿ ಮಳೆ ತಡವಾದಾಗ ಇದು ಕೈಮೀರುತ್ತದೆ.

ಜುಲೈಯಿಂದ ಅಕ್ಟೋಬರ್ ವರೆಗೆ ಅಲ್ಲಿ ಒಣಹವೆಯ ಕಾಲ. ಆಗ ಬೀಸುವ ನೈರುತ್ಯದ ಗಾಳಿ ಸುಮಾತ್ರಾದ ಹೊಗೆಯನ್ನು ಮಲಾಕ್ಕಾ ಜಲಸಂಧಿಯಾಚೆ ಮಲೇಷ್ಯಾ ಮತ್ತು ಸಿಂಗಾಪುರಗಳತ್ತ ತಳ್ಳುತ್ತದೆ. ನಮಗೆ ಮಳೆ ತರುವ ಮಾರುತದ ವ್ಯವಸ್ಥೆಯೇ ಅವರಿಗೆ ಹೊಗೆ ತರುತ್ತದೆ.

ನೆನಪಿಡಬೇಕಾದ ವರ್ಷಗಳು

1997: ಹೊಗೆ ಇಂಡೋನೇಷ್ಯಾ, ಮಲೇಷ್ಯಾ, ಸಿಂಗಾಪುರ, ಬ್ರೂನೈ ಮತ್ತು ದಕ್ಷಿಣ ಥಾಯ್ಲೆಂಡನ್ನು ಆವರಿಸಿತು. ಮಲೇಷ್ಯಾದ ಸರವಾಕ್ ರಾಜ್ಯದಲ್ಲಿ ಸೆಪ್ಟೆಂಬರಿನಲ್ಲಿ ತುರ್ತುಪರಿಸ್ಥಿತಿ ಘೋಷಿಸಲಾಯಿತು. ಅಲ್ಲಿನ ಕುಚಿಂಗ್ ನಗರದಲ್ಲಿ ಮಾಲಿನ್ಯ ಸೂಚ್ಯಂಕ 800ನ್ನು ದಾಟಿತು. 300ನ್ನು ದಾಟಿದರೇ ಅಪಾಯಕಾರಿ ಎಂಬುದು ಅಲ್ಲಿನ ಲೆಕ್ಕ.

2005: ಆಗಸ್ಟಿನಲ್ಲಿ ಮಲೇಷ್ಯಾದ ಪೋರ್ಟ್ ಕ್ಲಾಂಗ್ ಮತ್ತು ಕ್ವಾಲಾ ಸೆಲಂಗೋರ್‌ಗಳಲ್ಲಿ ತುರ್ತುಪರಿಸ್ಥಿತಿ.

2013: ಜೂನ್ 21ರಂದು ಸಿಂಗಾಪುರದ ಸೂಚ್ಯಂಕ 401ಕ್ಕೆ ಏರಿತು. ಎರಡು ದಿನಗಳ ನಂತರ ಮಲೇಷ್ಯಾದ ಮುವಾರ್ ಪ್ರದೇಶದಲ್ಲಿ 700ನ್ನೂ ಮೀರಿತು.

2015: ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಪ್ರದೇಶ ಸುಟ್ಟುಹೋಯಿತು. ಆ ದೇಶಕ್ಕಾದ ನಷ್ಟ ಸುಮಾರು 1,600 ಕೋಟಿ ಅಮೆರಿಕನ್ ಡಾಲರ್ ಎಂದು ವಿಶ್ವಬ್ಯಾಂಕ್ ಅಂದಾಜಿಸಿತು. ಮಧ್ಯ ಕಾಲಿಮಂತಾನಿನ ಪಲಂಕರಾಯ ನಗರದಲ್ಲಿ ಸೂಚ್ಯಂಕ ಹಲವು ಬಾರಿ 1,000ವನ್ನೂ ದಾಟಿತು. ಶಿಶುಗಳನ್ನು ಬೇರೆಡೆಗೆ ಸಾಗಿಸಲು ಸರಕಾರ ಯುದ್ಧನೌಕೆಗಳನ್ನು ಸಜ್ಜುಗೊಳಿಸಬೇಕಾಯಿತು.

2019: ಮತ್ತೆ ಸುಮಾರು 16 ಲಕ್ಷ ಹೆಕ್ಟೇರ್ ಸುಟ್ಟಿತು. ಮಲೇಷ್ಯಾದಲ್ಲಿ ನೂರಾರು ಶಾಲೆಗಳು ಮುಚ್ಚಿದವು.

ದೇಹದೊಳಗೆ ಏನಾಗುತ್ತದೆ?

ಹೊಗೆಯಲ್ಲಿ ಕಣ್ಣಿಗೆ ಕಾಣುವ ಬೂದಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಇವುಗಳನ್ನು ಪಿಎಂ 2.5 ಎಂದು ಕರೆಯುತ್ತಾರೆ. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗ. ಮೂಗಿನ ಕೂದಲು, ಗಂಟಲಿನ ಕಫ ದೊಡ್ಡ ಧೂಳನ್ನು ತಡೆಯುತ್ತವೆ. ಇಷ್ಟು ಚಿಕ್ಕದನ್ನು ತಡೆಯಲಾರವು. ಇವು ಶ್ವಾಸಕೋಶದ ಕೊನೆಯ ಗಾಳಿಚೀಲಗಳ ತನಕ ಹೋಗಿ ಅಲ್ಲಿ ಉರಿಯೂತ ಉಂಟುಮಾಡುತ್ತವೆ. ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ.

ಮೊದಲ ದಿನಗಳಲ್ಲಿ ಕಾಣುವ ಲಕ್ಷಣಗಳು ಸಾಮಾನ್ಯ: ಕಣ್ಣುರಿ, ಗಂಟಲು ಕೆರೆತ, ಒಣಕೆಮ್ಮು, ತಲೆನೋವು. ದಮ್ಮು (ಅಸ್ತಮಾ) ಇರುವವರಿಗೆ ಉಬ್ಬಸ ಹೆಚ್ಚುತ್ತದೆ. ರಕ್ತನಾಳಗಳ ಒಳಪದರ ಕೆಡುವುದರಿಂದ ಮತ್ತು ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುವುದರಿಂದ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಏರುತ್ತದೆ. ವಾಯುಮಾಲಿನ್ಯ ಎಂದರೆ ಶ್ವಾಸಕೋಶದ ತೊಂದರೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಆದರೆ ಅದು ಹೃದಯದ ತೊಂದರೆಯೂ ಹೌದು. ಹೊರಾಂಗಣ ವಾಯುಮಾಲಿನ್ಯವು ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಘೋಷಿಸಿದೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಪಿಎಂ 2.5 ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮೀರಬಾರದು, ಒಂದು ದಿನದ ಸರಾಸರಿ 15 ಮೀರಬಾರದು. ಭಾರತ 2009ರಲ್ಲಿ ನಿಗದಿ ಮಾಡಿದ ಮಿತಿ ವರ್ಷಕ್ಕೆ 40, ದಿನಕ್ಕೆ 60.

1997ರ ಹೊಗೆಯ ಸಮಯದಲ್ಲಿ ಸಿಂಗಾಪುರದ ಚಿಕಿತ್ಸಾಲಯಗಳಿಗೆ ಹೊಗೆ ಸಂಬಂಧಿ ತೊಂದರೆಗಳಿಗಾಗಿ ಬಂದವರ ಸಂಖ್ಯೆ ಶೇಕಡಾ 30ರಷ್ಟು ಹೆಚ್ಚಿತ್ತು. ಅಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ, ಬಾಗಿಲು ಮುಚ್ಚಿ ಕುಳಿತುಕೊಳ್ಳುವ ಮನೆಗಳಿವೆ. ಬೆಂಕಿಯ ಪಕ್ಕದಲ್ಲೇ, ಹಲಗೆಯ ಗೋಡೆಯ ಮನೆಗಳಲ್ಲಿ ಬದುಕುವ ಇಂಡೋನೇಷ್ಯಾದ ಹಳ್ಳಿಗರಿಗೆ ಆ ಅನುಕೂಲವಿಲ್ಲ. ಅದೇ ವರ್ಷದ ಹೊಗೆಗೆ ಸಿಕ್ಕಿದ ಇಂಡೋನೇಷ್ಯಾದ ಕುಟುಂಬಗಳನ್ನು ಅಧ್ಯಯನ ಮಾಡಿದವರು, ವಯಸ್ಸಾದವರಿಗೂ ದುಡಿಯುವ ಪ್ರಾಯದ ಹೆಂಗಸರಿಗೂ ಭಾರ ಹೊರುವ ಶಕ್ತಿ ಕುಂದಿತ್ತು ಎಂದು ಕಂಡುಕೊಂಡರು. ಮೈಮುರಿದು ದುಡಿದು ಉಣ್ಣುವವರಿಗೆ ಇದು ಸಣ್ಣ ಮಾತಲ್ಲ.

ಲೆಕ್ಕಕ್ಕೆ ಸಿಗದ ಸಾವುಗಳು

ಇಲ್ಲಿ ಒಂದು ಮುಖ್ಯ ಪ್ರಶ್ನೆ ಇದೆ. ಪ್ರವಾಹದಲ್ಲಿ ಸತ್ತವರನ್ನು ಎಣಿಸಬಹುದು. ಹೊಗೆಯಿಂದ ಸತ್ತವರನ್ನು ಎಣಿಸುವುದು ಹೇಗೆ? ಮರಣ ಪ್ರಮಾಣಪತ್ರದಲ್ಲಿ 'ಹೃದಯಾಘಾತ' ಎಂದೋ 'ನ್ಯುಮೋನಿಯಾ' ಎಂದೋ ಬರೆದಿರುತ್ತದೆ. 'ಹೊಗೆ' ಎಂದು ಯಾರೂ ಬರೆಯುವುದಿಲ್ಲ. ಆದುದರಿಂದ ಸಾಮಾನ್ಯವಾಗಿ ಸಾಯುವವರಿಗಿಂತ ಆ ಕಾಲದಲ್ಲಿ ಎಷ್ಟು ಮಂದಿ ಹೆಚ್ಚು ಸತ್ತರು, ಅಥವಾ ಅಷ್ಟು ಹೊಗೆಗೆ ಎಷ್ಟು ಮಂದಿ ಸಾಯುವ ಸಂಭವವಿದೆ ಎಂದು ಸಂಶೋಧಕರು ಲೆಕ್ಕ ಹಾಕುತ್ತಾರೆ.

ಸೀಮಾ ಜಯಚಂದ್ರನ್ ಎಂಬ ಅರ್ಥಶಾಸ್ತ್ರಜ್ಞೆ ಇಂಡೋನೇಷ್ಯಾದ ಜನಗಣತಿಯನ್ನು ಪರಿಶೀಲಿಸಿದರು. 1997ರ ಹೊಗೆಯ ತಿಂಗಳುಗಳಲ್ಲಿ ಗರ್ಭದಲ್ಲಿದ್ದ ಅಥವಾ ಆಗತಾನೇ ಹುಟ್ಟಿದ್ದ ಮಕ್ಕಳ ಸಂಖ್ಯೆ ಗಣತಿಯಲ್ಲಿ ಇರಬೇಕಾದುದಕ್ಕಿಂತ ಕಡಿಮೆ ಇತ್ತು. ಹೀಗೆ ಲೆಕ್ಕದಿಂದ ಕಾಣೆಯಾದ ಮಕ್ಕಳು ಸುಮಾರು 15,600 ಎಂದು ಅವರು 2009ರಲ್ಲಿ ಪ್ರಕಟಿಸಿದರು. ಬಡ ಪ್ರದೇಶಗಳಲ್ಲಿ ಈ ನಷ್ಟ ಹೆಚ್ಚಾಗಿತ್ತು. ಬದುಕಿ ಉಳಿದವರ ಮೇಲೂ ಗುರುತು ಉಳಿಯಿತು. ಆಗ ಗರ್ಭದಲ್ಲಿದ್ದು ಹೊಗೆಗೆ ಸಿಕ್ಕಿದ ಮಕ್ಕಳು 17ನೇ ವಯಸ್ಸಿಗೆ ಬಂದಾಗ ಅವರ ಎತ್ತರ ಸರಾಸರಿ ಮೂರು ಸೆಂಟಿಮೀಟರಿಗೂ ಹೆಚ್ಚು ಕಡಿಮೆ ಇತ್ತು ಎಂದು 2019ರ ಅಧ್ಯಯನವೊಂದು ತಿಳಿಸಿದೆ.

2015ರ ಹೊಗೆಯ ಬಗ್ಗೆ ಅಮೆರಿಕದ ಹಾರ್ವರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಮರುವರ್ಷ ಪ್ರಕಟಿಸಿದ ಅಂದಾಜು ಹೀಗಿದೆ: ಅಕಾಲ ಮರಣಗಳು ಒಟ್ಟು ಸುಮಾರು 1,00,300. ಇಂಡೋನೇಷ್ಯಾದಲ್ಲಿ 91,600, ಮಲೇಷ್ಯಾದಲ್ಲಿ 6,500, ಸಿಂಗಾಪುರದಲ್ಲಿ 2,200. ಈ ಅಂಕಿಗಳನ್ನು ಮೂರೂ ದೇಶಗಳ ಅಧಿಕಾರಿಗಳು ಒಪ್ಪಲಿಲ್ಲ. ಇಂಡೋನೇಷ್ಯಾದ ಅಧಿಕೃತ ಲೆಕ್ಕದಲ್ಲಿದ್ದದ್ದು ಕೆಲವೇ ಹತ್ತು ಸಾವುಗಳು. ಲಕ್ಷ ಎಂಬುದು ಗಣಿತದ ಅಂದಾಜು, ಅದರಲ್ಲಿ ಹೆಚ್ಚು ಕಡಿಮೆ ಇರಬಹುದು. ಆದರೆ ಅಧಿಕೃತ ಲೆಕ್ಕ ಎಣಿಸಿದ್ದು ನೇರವಾಗಿ ಕಣ್ಣಿಗೆ ಕಂಡ ಸಾವುಗಳನ್ನು ಮಾತ್ರ. ಹಾಸಿಗೆ ಹಿಡಿದ ವೃದ್ಧರು ಒಂದು ವರ್ಷ ಮೊದಲೇ ತೀರಿಕೊಂಡರೆ ಆ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ಗಡಿ ದಾಟಿದ ಹೊಗೆಯೇ ಸುದ್ದಿಯಾಗುತ್ತದೆ. ಆದರೆ ಹತ್ತರಲ್ಲಿ ಒಂಬತ್ತು ಪಾಲು ಹಾನಿ ಗಡಿಯ ಒಳಗೇ, ಬೆಂಕಿಯ ಪಕ್ಕದ ಬಡವರ ಮನೆಗಳಲ್ಲೇ ಆಗಿದೆ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ. ನೆರೆಯವರು ದೂರಿದರು, ಹಳ್ಳಿಗರು ಸುಮ್ಮನೆ ಅನುಭವಿಸಿದರು.

ಕಾನೂನು ಎಲ್ಲಿಯ ತನಕ ತಲಪಿದೆ?

ಆಗ ಆಗ್ನೇಯ ಏಷ್ಯಾದ ಹತ್ತು ದೇಶಗಳ ಕೂಟವಾಗಿದ್ದ ಆಸಿಯಾನ್ 2002ರ ಜೂನಿನಲ್ಲಿ ಗಡಿ ದಾಟುವ ಹೊಗೆಯ ಕುರಿತು ಒಪ್ಪಂದ ಮಾಡಿಕೊಂಡಿತು. 2003ರ ನವೆಂಬರಿನಲ್ಲಿ ಅದು ಜಾರಿಗೆ ಬಂತು. ಆದರೆ ಹೊಗೆಯ ಮೂಲವಾದ ಇಂಡೋನೇಷ್ಯಾದ ಸಂಸತ್ತು ಅದನ್ನು ಅಂಗೀಕರಿಸಿದ್ದು 2014ರಲ್ಲಿ, ಎಲ್ಲರಿಗಿಂತ ಕೊನೆಗೆ. ಒಪ್ಪಂದದಲ್ಲಿ ತಪ್ಪಿದವರಿಗೆ ದಂಡವೂ ಇಲ್ಲ.

ಸಿಂಗಾಪುರ 2014ರಲ್ಲಿ ತನ್ನದೇ ಕಾಯಿದೆ ಮಾಡಿತು. ಬೇರೆ ದೇಶದಲ್ಲಿ ಬೆಂಕಿ ಹಚ್ಚಿ ಸಿಂಗಾಪುರಕ್ಕೆ ಹೊಗೆ ಬರುವಂತೆ ಮಾಡಿದ ಕಂಪೆನಿಗೆ ದಿನಕ್ಕೆ ಒಂದು ಲಕ್ಷ ಸಿಂಗಾಪುರ ಡಾಲರಿನಂತೆ, ಒಟ್ಟು 20 ಲಕ್ಷದ ತನಕ ದಂಡ ವಿಧಿಸಬಹುದು. 2015ರಲ್ಲಿ ಕೆಲವು ಕಂಪೆನಿಗಳಿಗೆ ನೋಟೀಸು ಹೋಯಿತು. ಆದರೆ ಪರದೇಶದ ನೆಲದಲ್ಲಿ ಸಾಕ್ಷಿ ಕಲೆಹಾಕುವುದು ಸುಲಭವಲ್ಲ.

ಪಲಂಕರಾಯದ ಕೆಲವು ನಾಗರಿಕರು ತಮ್ಮದೇ ಸರಕಾರದ ಮೇಲೆ ದಾವೆ ಹೂಡಿದರು. ಬೆಂಕಿಯನ್ನು ತಡೆಯಲಿಲ್ಲ, ಆರೋಗ್ಯ ಕಾಪಾಡಲಿಲ್ಲ ಎಂಬುದು ಅವರ ದೂರು. ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದರು, 2019ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲೂ ಗೆದ್ದರು. ಆದರೆ 2022ರಲ್ಲಿ ಮರುಪರಿಶೀಲನೆಯಲ್ಲಿ ತೀರ್ಪು ಸರಕಾರದ ಪರವಾಯಿತು.

ಇದರ ನಡುವೆ ಒಳ್ಳೆಯ ಹೆಜ್ಜೆಯೂ ಇದೆ. 2016ರಲ್ಲಿ ಇಂಡೋನೇಷ್ಯಾ ಪೀಟ್ ನೆಲದ ಪುನಶ್ಚೇತನಕ್ಕಾಗಿ ಪ್ರತ್ಯೇಕ ಸಂಸ್ಥೆ ಸ್ಥಾಪಿಸಿ, ಕಾಲುವೆಗಳಿಗೆ ಕಟ್ಟ ಹಾಕಿ ನೀರು ನಿಲ್ಲಿಸುವ ಕೆಲಸ ಆರಂಭಿಸಿತು. ಬೇಸಿಗೆಗೆ ಮೊದಲು ತೋಡಿಗೆ ಕಟ್ಟ ಹಾಕುವುದನ್ನು ಬಲ್ಲ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಲ ಒದ್ದೆಯಾಗಿದ್ದರೆ ಬೆಂಕಿ ಒಳಗಿಳಿಯುವುದಿಲ್ಲ.

ಗಾಳಿಯ ದಾರಿ, ವ್ಯಾಪಾರದ ದಾರಿ

2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ಕಣ್ಣು ತೆರೆಸುವಂತಿದೆ. 2007ರಲ್ಲಿ ಪಿಎಂ 2.5ರಿಂದ ಲೋಕದಲ್ಲಿ ಸುಮಾರು 34.5 ಲಕ್ಷ ಅಕಾಲ ಮರಣಗಳಾಗಿವೆ ಎಂದು ಅದರ ಅಂದಾಜು. ಇವುಗಳಲ್ಲಿ ಶೇಕಡಾ 12ರಷ್ಟು, ಅಂದರೆ 4.11 ಲಕ್ಷ ಸಾವುಗಳಿಗೆ ಕಾರಣ ಲೋಕದ ಬೇರೊಂದು ಭಾಗದಿಂದ ಗಾಳಿಯಲ್ಲಿ ಬಂದ ಮಾಲಿನ್ಯ. ಆದರೆ ಶೇಕಡಾ 22ರಷ್ಟು, ಅಂದರೆ 7.62 ಲಕ್ಷ ಸಾವುಗಳು ಒಂದು ಕಡೆಯ ಜನರ ಬಳಕೆಗಾಗಿ ಇನ್ನೊಂದು ಕಡೆ ಸರಕು ತಯಾರಿಸುವಾಗ ಉಂಟಾದ ಹೊಗೆಗೆ ಸಂಬಂಧಿಸಿದವು.

ಅಂದರೆ ಮಾಲಿನ್ಯ ಗಾಳಿಯಿಂದ ಗಡಿ ದಾಟುವುದಕ್ಕಿಂತ ಹೆಚ್ಚಾಗಿ ವ್ಯಾಪಾರದಿಂದ ಗಡಿ ದಾಟುತ್ತದೆ. ಸರಕು ನಮ್ಮ ಮನೆಗೆ ಬರುತ್ತದೆ, ಹೊಗೆ ಅಲ್ಲಿಯೇ ಉಳಿಯುತ್ತದೆ.

ಇಲ್ಲಿ ನಮ್ಮ ಪಾಲೂ ಇದೆ. ಲೋಕದಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡುವ ದೇಶ ಭಾರತ. ಅದರ ಬಹುಪಾಲು ಬರುವುದು ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ. ನವಮಂಗಳೂರು ಬಂದರಿನಲ್ಲೂ ಖಾದ್ಯ ತೈಲದ ಹಡಗುಗಳು ಇಳಿಯುತ್ತವೆ. ಅಂಗಡಿಯ ಪಾಮೋಲಿನ್, ಬೇಕರಿಯ ತಿಂಡಿ, ಬಿಸ್ಕತ್ತು, ಸಾಬೂನು, ಹಲವು ಸರಕುಗಳಲ್ಲಿ ಅದು ಇದೆ. ಹಾಗೆಂದು ತಾಳೆ ಎಣ್ಣೆಯನ್ನೇ ಬಿಟ್ಟುಬಿಡಿ ಎನ್ನುವುದು ಸರಿಯಾದ ಉತ್ತರವಲ್ಲ. ಎಕರೆಗೆ ಅಷ್ಟು ಎಣ್ಣೆ ಕೊಡುವ ಬೆಳೆ ಬೇರೆ ಇಲ್ಲ, ಲಕ್ಷಾಂತರ ಸಣ್ಣ ರೈತರ ಜೀವನವೂ ಅದರಲ್ಲಿದೆ. ಎಲ್ಲ ತಾಳೆ ತೋಟಗಳೂ ಪೀಟ್ ನೆಲದಲ್ಲಿಲ್ಲ. ಸುಟ್ಟ ನೆಲದಿಂದ ಬಂದ ಎಣ್ಣೆ ಬೇಡ ಎಂದು ಕೊಳ್ಳುವವರು, ಮುಖ್ಯವಾಗಿ ದೊಡ್ಡ ಕಂಪೆನಿಗಳು, ಪಟ್ಟು ಹಿಡಿಯಬೇಕು. ನಾವು ಎಣ್ಣೆಯನ್ನು ಹಿತಮಿತವಾಗಿ ಬಳಸಿದರೆ ನಮ್ಮ ಹೃದಯಕ್ಕೂ ಒಳ್ಳೆಯದು.

ನಮ್ಮ ಸಮುದ್ರದ ಮೇಲೂ ಹೊಗೆ

ನಾವು ಹೊಗೆ ಕಳಿಸುವವರೂ ಹೌದು. 1999ರ ಆರಂಭದ ತಿಂಗಳುಗಳಲ್ಲಿ ಹಲವು ದೇಶಗಳ ವಿಜ್ಞಾನಿಗಳು ಹಡಗು, ವಿಮಾನಗಳ ಸಹಾಯದಿಂದ ಹಿಂದೂ ಮಹಾಸಾಗರದ ಮೇಲಿನ ಗಾಳಿಯನ್ನು ಪರೀಕ್ಷಿಸಿದರು. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಭಾರತ ಉಪಖಂಡದ ಹೊಗೆಯನ್ನು ಅರಬ್ಬಿ ಸಮುದ್ರ ಮತ್ತು ಹಿಂದೂ ಮಹಾಸಾಗರಗಳ ಮೇಲೆ ಒಯ್ಯುತ್ತದೆ ಎಂದೂ, ಅಲ್ಲಿ ಅದು ಕಂದು ಬಣ್ಣದ ಪದರವಾಗಿ ಹರಡುತ್ತದೆ ಎಂದೂ ಅವರು ಕಂಡುಹಿಡಿದರು. ಈ ಸಂಶೋಧನೆಯ ಮುಂದಾಳುಗಳಲ್ಲಿ ಒಬ್ಬರಾದ ವೀರಭದ್ರನ್ ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕಲಿತವರು. 2004ರಲ್ಲಿ ಅವರು ವ್ಯಾಟಿಕನ್‌ನ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ನೇಮಕಗೊಂಡರು.

ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಭೂತಾನ್, ಮಾಲ್ಡೀವ್ಸ್ ಮತ್ತು ಇರಾನ್ 1998ರಲ್ಲಿ ಮಾಲೆ ಘೋಷಣೆಗೆ ಒಪ್ಪಿದವು. ಗಡಿ ದಾಟುವ ಮಾಲಿನ್ಯವನ್ನು ಒಟ್ಟಾಗಿ ಅಳೆದು, ಒಟ್ಟಾಗಿ ತಡೆಯಬೇಕು ಎಂಬುದು ಅದರ ಆಶಯ. ಆದರೆ ಅದಕ್ಕೆ ಕಾನೂನಿನ ಬಲವಿಲ್ಲ. ಪಂಜಾಬಿನ ಗಡಿಯ ಎರಡೂ ಕಡೆ ಕೊಯ್ಲಿನ ನಂತರ ಭತ್ತದ ಕೂಳೆ ಸುಡುವಾಗ, ಹೊಗೆ ಯಾವ ಕಡೆಯದು ಎಂಬ ವಾದ ಇಂದಿಗೂ ನಿಂತಿಲ್ಲ.

ಹೊಗೆಯ ದಿನಗಳಲ್ಲಿ ಏನು ಮಾಡಬೇಕು?

ಪರದೇಶದಲ್ಲಿ ಇರುವ ನಮ್ಮವರಿಗೂ, ಚಳಿಗಾಲದಲ್ಲಿ ಉತ್ತರ ಭಾರತದಲ್ಲಿ ಕಲಿಯುವ, ದುಡಿಯುವ ಮಕ್ಕಳಿಗೂ ಈ ಸೂಚನೆಗಳು ಉಪಯುಕ್ತ.

1. ಆಯಾ ಊರಿನ ಗಾಳಿಯ ಸೂಚ್ಯಂಕವನ್ನು ದಿನವೂ ನೋಡಿ. ಹೆಚ್ಚಿದ್ದಾಗ ಓಟ, ಆಟ, ಹೊರಗಿನ ಭಾರದ ಕೆಲಸ ಕಡಿಮೆ ಮಾಡಿ.

2. ಕರವಸ್ತ್ರ ಅಥವಾ ಬಟ್ಟೆಯ ಮಾಸ್ಕ್ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ, ಒದ್ದೆ ಮಾಡಿದರೂ ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಅಂಟಿಕೊಳ್ಳುವ ಎನ್-95 ಮಾಸ್ಕ್ ಬೇಕು. ಉಸಿರಾಟದ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ಬಳಸಬೇಕು.

3. ಹೊರಗೆ ಹೊಗೆ ಇರುವಾಗ ಕಿಟಕಿ ಮುಚ್ಚಿ. ಒಳಗೆ ಸೊಳ್ಳೆಬತ್ತಿ, ಊದುಬತ್ತಿ, ಸಿಗರೇಟು ಬೇಡ. ಮುಚ್ಚಿದ ಕೋಣೆಯಲ್ಲಿ ಅವೂ ಅದೇ ಕಣಗಳನ್ನು ತುಂಬುತ್ತವೆ.

4. ದಮ್ಮು, ಹೃದಯರೋಗ ಇರುವವರು ಔಷಧ ಮತ್ತು ಇನ್‌ಹೇಲರ್ ತಪ್ಪಿಸಬಾರದು. ಗರ್ಭಿಣಿಯರು, ಶಿಶುಗಳು, ವೃದ್ಧರು ಹೆಚ್ಚು ಜಾಗ್ರತೆಯಿಂದ ಇರಬೇಕು.

5. ಎದೆನೋವು, ಮಾತಾಡಲೂ ಆಗದಷ್ಟು ಉಬ್ಬಸ, ತುಟಿ ನೀಲಿಯಾಗುವುದು, ಮುಖ ಅಥವಾ ಕೈ ಒಂದು ಕಡೆ ಸೋಲುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಊರಿನಲ್ಲಿರುವ ನಮಗೂ ಒಂದು ಮಾತು. ಹಿತ್ತಲಿನಲ್ಲಿ ತರಗೆಲೆಯ ಜೊತೆ ಪ್ಲಾಸ್ಟಿಕ್ ಸೇರಿಸಿ ಸುಡುವುದು, ಸುಡುಮಣ್ಣಿಗಾಗಿ ರಾಶಿ ಹಾಕಿ ರಾತ್ರಿಯಿಡೀ ಹೊಗೆಯಾಡಲು ಬಿಡುವುದು ನಮ್ಮಲ್ಲಿ ಸಾಮಾನ್ಯ. ಪಕ್ಕದ ಮನೆಯಲ್ಲಿ ದಮ್ಮಿನ ಅಜ್ಜಿ ಇದ್ದಾರೆಯೇ ಎಂದು ನಾವು ಕೇಳುವುದಿಲ್ಲ. ಅಗಳು ದಾಟುವ ಹೊಗೆಗೂ ಸಮುದ್ರ ದಾಟುವ ಹೊಗೆಗೂ ಇರುವ ವ್ಯತ್ಯಾಸ ದೂರದ್ದು ಮಾತ್ರ. ವಾಳೆಗಳಲ್ಲಿ ರೋಗಿಗಳನ್ನು ಭೇಟಿ ಮಾಡುವ ಕಾರ್ಯಕರ್ತರು ಕೆಮ್ಮು, ಉಬ್ಬಸ ಇರುವ ಮನೆಗೆ ಹೋದಾಗ ಔಷಧದ ಜೊತೆಗೆ ಸುತ್ತಲಿನ ಹೊಗೆಯ ಬಗ್ಗೆಯೂ ವಿಚಾರಿಸಲಿ.

ಹೊಗೆಯಿಂದ ಸತ್ತವರ ಹೆಸರು ಯಾವ ದಾಖಲೆಯಲ್ಲೂ ಹೊಗೆಯ ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದಲೇ ಹೊಣೆ ಹೊರುವವರೂ ಸಿಗುವುದಿಲ್ಲ. ಗಾಳಿಯನ್ನು ಅಳೆಯುವುದು, ಸಾವುಗಳನ್ನು ಪ್ರಾಮಾಣಿಕವಾಗಿ ಎಣಿಸುವುದು, ನಾವು ಕೊಳ್ಳುವ ವಸ್ತು ಎಲ್ಲಿಂದ ಬಂತು ಎಂದು ಕೇಳುವುದು, ಇಷ್ಟರಿಂದ ಆ ಹೊಣೆಯನ್ನು ಗುರುತಿಸುವ ಕೆಲಸ ಆರಂಭವಾಗುತ್ತದೆ.